ಅಮದಳ್ಳಿ ಬಾವಿಯ ಚಿಪ್ಪುಗಳು

ಹುಬ್ಬಳ್ಳಿಯಿಂದ ಸರ್ವಿಸ್ ಮೋಟಾರು ಹೊರಟಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಹೆಣ್ಣು ನೋಡಲು ಹೊರಟವನು ನಾನು. ನೋಡಿಸಲೇಬೇಕೆಂದು ಹಟ ಹಿಡಿದು ಹೊರಡಿಸಿದವನು ನನ್ನ ಸೋದರಮಾವ ಯೋಸೇಫ. ಧಾರವಾಡದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿಕೊಂಡು ಹಾಯಾಗಿದ್ದ ನನ್ನನ್ನು ಕಂಡರೆ ಅವನಿಗೇಕೋ ಸಮಾಧಾನವಿರಲಿಲ್ಲ. ಅಂಕೋಲೆಯವರೆಗೆ ತಲೆಗೆ ಎರಡೂವರೆ ರೂಪಾಯಿ ಟಿಕೇಟು. ಯಲ್ಲಾಪುರದಲ್ಲಿ ನಾನು ಬೇಡವೆಂದರೂ ಕೇಳದೆ ಮಾವ ಎರಡು ತಟ್ಟೆ ಅವಲಕ್ಕಿ ತಿಂದ. ಅರಬೈಲು ಘಟ್ಟದ ತಿರುವುಗಳಲ್ಲಿ ಅದರ ಫಲ ಅನುಭವಿಸಿದ. ಬಾಳೆಗುಳಿಗೆ ಬರುವ ಹೊತ್ತಿಗೆ ಗಾಳಿ ಬೆಚ್ಚಗಾಗಿ, ಮೈ ಅಂಟತೊಡಗಿತ್ತು. ಕೊಯ್ದ ಗದ್ದೆಗಳಲ್ಲಿ ಹುಲ್ಲು ಒಣಗುತ್ತಿತ್ತು.

ಅಂಕೋಲೆಯ ಖಾನಾವಳಿಯಲ್ಲಿ ಕುಚ್ಚಿಗೆ ಅಕ್ಕಿಯ ಅನ್ನ, ಬಂಗಡೆ ಸಾರು ಉಂಡೆವು. ನಾವು ಅಮದಳ್ಳಿಯ ದೇವದಾನ ಮಾಸ್ತರರ ಮನೆಗೆ ಹೋಗುವವರೆಂದು ತಿಳಿದು ಖಾನಾವಳಿಯ ಯಜಮಾನ ಇನ್ನೊಂದು ಸೌಟು ಸಾರು ಬಡಿಸಿದ.

“ನಂಗೆ ಕನ್ನಡ ಕಲಿಸಿದ್ದೇ ಅವ್ರು. ದೇವರಂಥ ಮನಷ್ಯ. ಆದ್ರೆ ಈಗೆ ಅವರ ಬಾವಿಯಲ್ಲಿ ಏನೋ ಸಿಕ್ಕಿದ್ಯಂತೆ. ಸಿಕ್ಕಿದವ್ರಿಗೆಲ್ಲ ಅದನ್ನೇ ಹೇಳ್ತ್ರು” ಎಂದು ನಕ್ಕ.

ರಾತ್ರಿ ಅಲ್ಲೇ ತಂಗಿದೆವು. ಮರುದಿನ ಶನಿವಾರ. ಬೆಳಗಿನ ಕಾರವಾರದ ಮೋಟಾರಿನಲ್ಲಿ ಹೋಗಿ ಅಮದಳ್ಳಿಯಲ್ಲಿ ಇಳಿದೆವು. ಮಾಸ್ತರರು ರಸ್ತೆಗೇ ಬಂದು ನಿಂತಿದ್ದರು. ಮೂವತ್ತು ವರ್ಷ ಶಾಲೆಯಲ್ಲಿ ಹಳಗನ್ನಡ ಪಾಠ ಹೇಳಿ ನಿವೃತ್ತರಾದವರು, ಕಾರವಾರದ ನಮ್ಮ ಕ್ರೈಸ್ತ ಸಭೆಯ ಹಿರಿಯರು. ಕೈಕಾಲು ತೊಳೆಯಲು ನೀರು ತಂದುಕೊಟ್ಟವಳು ಅವರ ಮಗಳು ಸುಲೋಚನಾ. ಹುಡುಗಿಯರ ಶಾಲೆಯ ಶಿಕ್ಷಕಿ. “ಘಟ್ಟದಲ್ಲಿ ತೊಂದ್ರೆ ಆಯ್ತಾ?” ಎಂದು ಮಾವನ ಮುಖ ನೋಡಿ ಕೇಳಿದಳು, ನಗು ತಡೆದುಕೊಂಡು. ಆ ಮನೆಯ ಸಂಬಂಧ ತಪ್ಪಬಾರದೆಂದು ನನಗೆ ಆಗಲೇ ಅನ್ನಿಸಿಬಿಟ್ಟಿತು.

ಚಹಾ ಮುಗಿಯುವ ಮುಂಚೆಯೇ ಮಾಸ್ತರರು ಒಂದು ಮೊರವನ್ನು ತಂದು ಮುಂದಿಟ್ಟು, ಮೇಲಿನ ಬಿಳಿ ಬಟ್ಟೆ ತೆಗೆದರು. ಮೊರದ ತುಂಬ ತೊಳೆದಿಟ್ಟ ಚಿಪ್ಪುಗಳು. ಹಿತ್ತಲಲ್ಲಿ ಹೊಸ ಬಾವಿ ತೋಡಿಸುವಾಗ ಎರಡಾಳು ಆಳದಲ್ಲಿ, ಕರಿಯ ಕೆಸರಿನಲ್ಲಿ ಸಿಕ್ಕವು.

“ಸಮುದ್ರ ಇರೂದು ಎಲ್ಲಿ, ಇದು ಸಿಕ್ಕಿದ್ದು ಎಲ್ಲಿ! ಬೈಬಲ್ಲಿನ ನೋಹನ ಕಾಲದ ಜಲಪ್ರಳಯ ಬಿಟ್ರೆ ಬೇರೆ ಯಾರು ತಂದು ಹಾಕೂಕೆ ಸಾಧ್ಯ ಹೇಳಿ? ನಾಳೆ ಚರ್ಚಿನಲ್ಲಿ ಸುಗ್ಗಿಯ ಆರಾಧನೆ, ಬೆಳೆದದ್ದನ್ನ ದೇವರಿಗೆ ಒಪ್ಪಿಸೂದು. ದೇವರ ಮೇಜಿನ ಮುಂದೆ ಇದನ್ನೇ ಇಡ್ತೆ. ನೀವು ಬಿಎಸ್ಸಿ ಓದಿದವ್ರು. ಎದ್ದು ನಿಂತು, ಇದು ಹೌದು ಹೇಳಿ ಎರಡು ಮಾತು ಹೇಳೂಕೆ ಬೇಕು.”

ನಾನು ಒಂದು ಚಿಪ್ಪು ಎತ್ತಿ ತಿರುಗಿಸಿ ನೋಡಿದೆ. “ಊಟ ಆದಮ್ಯಾಲ ಮಾತಾಡೂಣ್ರಿ” ಎಂದು ಜಾರಿಕೊಂಡೆ. ಮಾವ ನನ್ನನ್ನು ಹಲಸಿನ ಮರದ ಬುಡಕ್ಕೆ ಎಳೆದುಕೊಂಡು ಹೋದ. “ತಮ್ಮಾ, ಹೂಂ ಅಂದುಬಿಡು. ಚಿಪ್ಪಿನ ಸಲುವಾಗಿ ಇಂಥಾ ಹುಡುಗೀನ ಕಳಕೊಬ್ಯಾಡ. ಪ್ರಳಯ ಆದ್ರೇನು, ಬಿಟ್ರೇನು, ನಿನ್ನ ಗಂಟೇನು ಹೋಗ್ತದ?”

ಅವನ ಮಾತಿನಲ್ಲಿ ಆಸೆ ಹುಟ್ಟಿಸುವ ಗುಣವಿತ್ತು. ಆದರೆ ವರ್ಷಪೂರ್ತಿ ಹುಡುಗರ ಮುಂದೆ “ಕಂಡದ್ದನ್ನೇ ಬರೀರಿ” ಎಂದು ಗಂಟಲು ಹರಿದುಕೊಳ್ಳುವವನು ನಾನು. ಅದೂ ದೇವರ ಮನೆಯಲ್ಲಿ ನಿಂತು ಇಲ್ಲದ್ದನ್ನು ಹೇಳುವುದು ನನ್ನಿಂದಾಗದು.

ಮಧ್ಯಾಹ್ನ ಮಣೆಯ ಮೇಲೆ ಕೂತೆವು. ಸುಲೋಚನಾ ಬೆಳಚಿನ ಸುಕ್ಕೆ ಬಡಿಸಿದಳು. ಬೆಳಚು ಹಿನ್ನೀರಿನ ಕೆಸರಿನಲ್ಲಿ ಸಿಗುವ ಚಿಪ್ಪುಮೀನು. ಇಲ್ಲಿ ಅದನ್ನು ಕಾಯಿ ಮಸಾಲೆಯಲ್ಲಿ ಚಿಪ್ಪಿನ ಸಮೇತ ಬೇಯಿಸುತ್ತಾರೆ. ಎಲೆಯ ಮೇಲಿದ್ದುದನ್ನು ಬಾಯಿಗೆ ಒಯ್ಯುವಾಗ ಕೈ ತಡೆಯಿತು. ಅದೇ ಗೆರೆ, ಅದೇ ಅಂಚು, ಅದೇ ಉಬ್ಬು. ತಲೆಯೆತ್ತಿದರೆ ಅವಳು ನನ್ನನ್ನೇ ನೋಡುತ್ತಿದ್ದಳು. ಮಾವ ಮೊಣಕಾಲಿನಿಂದ ತಿವಿದ. ನಾನು ಹೇಳಿಯೇಬಿಟ್ಟೆ.

“ಮಾಸ್ತರ್ರ, ನಿಮ್ಮ ಬಾವ್ಯಾಗ ಸಿಕ್ಕದ್ದೂ ಇದ ರೀ. ಎರಡೂ ಹೋಳು ಮುಚ್ಚಿಕೊಂಡ ಅದಾವ. ಪ್ರಳಯದ ನೀರು ಎಳಕೊಂಡು ಬಂದಿದ್ರ ಒಡದು ಚೂರಾಗತಿದ್ವು. ಇವು ಅಲ್ಲೇ ಹುಟ್ಟಿ, ಅಲ್ಲೇ ಸತ್ತಾವ. ಒಂದು ಕಾಲಕ್ಕ ಹಿನ್ನೀರು ನಿಮ್ಮ ಹಿತ್ತಲತನಕ ಇತ್ತು. ಮಣ್ಣು ತುಂಬಿ ಸಮುದ್ರ ಹಿಂದ ಸರೀತು.”

ಮಾಸ್ತರರು ಅರ್ಧ ಊಟಕ್ಕೇ ಎದ್ದು ಹಿತ್ತಲಿಗೆ ಹೋದರು. ಮಾವ ಹಣೆ ಚಚ್ಚಿಕೊಂಡ.

ನಾನು ಕೈ ತೊಳೆದು ಹಿಂದೆಯೇ ಹೋದೆ. ಬಾವಿಕಟ್ಟೆಯ ಮೇಲೆ ಕೂತಿದ್ದರು. ನನ್ನತ್ತ ತಿರುಗದೆ ಹೇಳಿದರು: “ಸುಲೋಚನಾಳ ಅವ್ವಿ ತೀರಿಕೊಂಡು ಎರಡು ವರ್ಷ ಆಯ್ತು. ಮಣ್ಣು ಕೊಟ್ಟು ಬಂದ ದಿನದಿಂದ ನನ್ನ ಮನಸ್ಸು ಅಲ್ಲಾಡ್ತಾ ಉಂಟು. ದೇವರು ಪ್ರಳಯ ಕಳಿಸ್ದ, ಮತ್ತೆ ಕಾಮನಬಿಲ್ಲು ತೋರ್ಸಿ, ಇನ್ನೆಂದೂ ಹಾಗೆ ಮುಳುಗ್ಸೂದಿಲ್ಲ ಹೇಳಿ ಮಾತು ಕೊಟ್ಟ. ಆ ಮಾತು ಖರೆ ಆದ್ರೆ ಅವಳನ್ನ ಮತ್ತೆ ನೋಡೂದೂ ಖರೆ. ಈ ಚಿಪ್ಪು ಸಿಕ್ಕಾಗೆ, ಹಿಡ್ಕೊಳ್ಳೂಕೆ ಒಂದು ಸಾಕ್ಷಿ ಸಿಕ್ತು ಅಂದ್ಕೊಂಡೆ.”

ಆ ಮುದುಕರ ಆಸರೆಯನ್ನು ನಾನು ಊಟದ ನಡುವೆ ಕಿತ್ತುಕೊಂಡಿದ್ದೆ. ನನಗೆ ಬಹಳ ಸಂಕಟವಾಯಿತು. ಆದರೂ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ.

“ಗ್ರಂಥ ಸುಳ್ಳು ಅನ್ಲಿಲ್ಲರಿ ನಾನು. ಈ ಚಿಪ್ಪು ಅದಕ್ಕ ಸಾಕ್ಷಿ ಅಲ್ಲ, ಇಷ್ಟ. ನೀವು ಇಷ್ಟು ವರ್ಷ ಕಾವ್ಯ ಕಲಿಸೀರಿ. ಸಮುದ್ರ ಅತ್ತಿತು ಅಂತ ಕವಿ ಬರದ್ರ, ನಿಮ್ಮ ಹುಡುಗರು ಸಮುದ್ರದ ಕಣ್ಣು ಹುಡುಕಲಿಕ್ಕೆ ಹೋದ್ರೇನು?”

ಅವರ ಮೀಸೆ ಸ್ವಲ್ಪ ಅಲುಗಿತು. “ಒಬ್ಬ ಹೋಗಿದ್ದ, ದಡ್ಡ.”

“ಕಾಮನಬಿಲ್ಲನ್ನ ನಾನು ಪ್ರತಿ ವರ್ಷ ಕ್ಲಾಸಿನ್ಯಾಗ ಗಾಜಿನ ತುಂಡು ಹಿಡದು ಗ್ವಾಡಿ ಮ್ಯಾಲ ಮೂಡಸ್ತೀನ್ರಿ. ಬೆಳಕು ಹ್ಯಾಂಗ ಒಡೀತದ ಅಂತ ಗೊತ್ತೈತಿ. ಆದ್ರೂ ಮಳಿ ನಿಂತ ಮ್ಯಾಲ ಮುಗಲಾಗ ಅದು ಕಂಡ್ರ, ನನ್ನ ತಾಯಿ ಹೇಳಿಕೊಟ್ಟ ಪ್ರಾರ್ಥನಾನ ನೆನಪಾಗ್ತದ. ಎರಡೂ ಒಂದ ತಲಿಯಾಗ ಅದಾವ, ಇನ್ನೂ ಜಗಳ ಆಡಿಲ್ಲ.”

ಅವರು ಎದ್ದರು. ಕೊಡಪಾನ ಬಾವಿಗೆ ಇಳಿಬಿಟ್ಟು ನೀರು ಸೇದಿ, ಮೊದಲು ನನ್ನ ಬೊಗಸೆಗೆ ಹೊಯ್ದರು. ತಣ್ಣಗೆ, ಸಿಹಿಯಾಗಿತ್ತು.

ಭಾನುವಾರ ಕಾರವಾರದ ಚರ್ಚಿನಲ್ಲಿ ಆರಾಧನೆ. ಮೇಜಿನ ಮುಂದೆ ಭತ್ತದ ಕದಿರು, ತೆಂಗಿನಕಾಯಿ, ಸೌತೆಕಾಯಿ, ಕಾಲು ಕಟ್ಟಿದ ಎರಡು ಕೋಳಿ. ಅವುಗಳ ನಡುವೆ ಮಾಸ್ತರರು ಮೊರವನ್ನು ಇಟ್ಟಾಗ ಮಾವ ಕಣ್ಣು ಮುಚ್ಚಿಕೊಂಡ, ಪ್ರಾರ್ಥನೆಗಲ್ಲ. ಮಾಸ್ತರರು ನನ್ನನ್ನು ಕರೆಯಲಿಲ್ಲ. ತಾವೇ ನಿಂತು ಮಾತಾಡಿದರು.

“ಇದು ನೋಹನ ಕಾಲದ್ದು ಹೇಳಿ ನಿಮಗೆಲ್ಲ ಹೇಳ್ತಾ ಬಂದಿದ್ದೆ. ಅಲ್ಲಂತೆ. ನಮ್ಮ ಅಮದಳ್ಳಿಯಲ್ಲೇ ಹಿಂದೆ ಉಪ್ಪುನೀರು ಇತ್ತಂತೆ. ರಾತ್ರೆ ಕೂತು ವಿಚಾರ ಮಾಡ್ದೆ. ಉಪ್ಪುನೀರು ಇದ್ದ ಜಾಗದಲ್ಲಿ ಇಂದು ನನ್ನ ಬಾವಿಯಲ್ಲಿ ಸಿಹಿನೀರು ಉಂಟು. ಅದಕ್ಕೆ ಸ್ತೋತ್ರ ಮಾಡೂಕೆ ಇದನ್ನ ತಂದೆ.”

ನನ್ನ ಕಣ್ಣು ತೇವವಾಯಿತು. ಆರಾಧನೆ ಮುಗಿದು ಅಂಗಳದಲ್ಲಿ ಕಾಣಿಕೆಗಳ ಹರಾಜು ನಡೆಯಿತು. ಮಾವ ಹುರುಪಿನಲ್ಲಿ ಕೂಗಿ ಕೂಗಿ ಒಂದು ದೊಡ್ಡ ಕುಂಬಳಕಾಯಿ ಕೊಂಡು, ಅದನ್ನು ಧಾರವಾಡಕ್ಕೆ ಒಯ್ಯುವ ಬಗೆ ತಿಳಿಯದೆ ನಿಂತ. ಆ ಗದ್ದಲದಲ್ಲಿ ಸುಲೋಚನಾ ನನ್ನ ಪಕ್ಕಕ್ಕೆ ಬಂದಳು.

“ಬೆಳಚು ಬೇಕು ಹೇಳಿ ನಾನೇ ತರ್ಸಿದ್ದು. ನಂಗೆ ಮೊದಲೇ ಸಂಶಯ ಇತ್ತು. ಮಗಳು ಹೇಳಿದ್ರೆ ಅಪ್ಪ ಕೇಳೂದಿಲ್ಲ.”

“ನಾ ಹೂಂ ಅಂದಿದ್ರ?”

“ನಾನು ಬೇಡ ಅಂತಿದ್ದೆ” ಎಂದು ಹೇಳಿ, ಕೋಳಿ ಹರಾಜು ನೋಡಲು ಹೋದಳು.

ಸೋಮವಾರ ಬೆಳಗ್ಗೆ ಅಮದಳ್ಳಿಯ ರಸ್ತೆಯಲ್ಲಿ ಮೋಟಾರಿಗೆ ಕಾಯುತ್ತಿದ್ದೆವು. ಮಾಸ್ತರರು ಮದುವೆಯ ಮಾತನ್ನೇ ಎತ್ತಿರಲಿಲ್ಲ. ಮಾವನಿಗೆ ಕೇಳುವ ಧೈರ್ಯವಿಲ್ಲ, ನನಗೆ ನಾಚಿಕೆ. ಮೋಟಾರು ಬಂತು, ಹತ್ತಿ ಕೂತೆವು. ಆಗ ಮಾಸ್ತರರು ನನ್ನ ಪಕ್ಕದ ಕಂಬಿ ಹಿಡಿದು, ಗಂಭೀರವಾಗಿ ಹೇಳಿದರು:

“ಚಿಪ್ಪಿನ ವಿಷಯ ಒಪ್ಪಿದೆ. ಆದ್ರೆ ಮಂಗನಿಂದ ಮನಷ್ಯ ಆದ ಹೇಳಿ ನಿಮ್ಮ ಶಾಸ್ತ್ರ ಹೇಳ್ತದ್ಯಲ್ಲ, ಅದನ್ನ ನಾನು ಸಾಯೂವರೆಗೂ ಒಪ್ಪೂದಿಲ್ಲ. ಆ ಜಗಳ ಒಂದೆರಡು ದಿನಕ್ಕೆ ಮುಗಿಯೂದಲ್ಲ. ಅದಕ್ಕೆ ಮುಂದಿನ ತಿಂಗಳು ನಿಮ್ಮ ತಾಯಿಯವರನ್ನ ಕರ್ಕೊಂಡು ಬನ್ನಿ. ನಿಶ್ಚಯ ಮಾಡೂವಾ. ಅಳಿಯ ಆದ್ರೆ ನೀವು ನಡುವೆ ಎದ್ದು ಹೋಗೂಕೆ ಆಗೂದಿಲ್ಲ.”