ಸಾರಿನ ಬಕೆಟ್ ಮತ್ತು ಅಣ್ಣನ ಬಲಗಾಲು

ಕಳೆದ ವರ್ಷ ಜೂನ್ ತಿಂಗಳ ಎರಡನೇ ಭಾನುವಾರ, ಡೊಂಬಿವಲಿಯಲ್ಲಿ ಒಂದು ಉಪನಯನದ ಊಟದ ಹೊತ್ತಿಗೆ, ಸಾರು ಬಡಿಸುತ್ತಿದ್ದ ನನ್ನ ಅಣ್ಣ ಮುಗ್ಗರಿಸಿದ. ಬಕೆಟ್ ಮಗುಚಿತು. ಯಾರಿಗೂ ಸುಡಲಿಲ್ಲ. ಸಾರು ನೆಲದ ಮೇಲೆ ಹರಿದು ಕೆಲವರ ಎಲೆಯನ್ನೂ ಒಬ್ಬ ಹೆಂಗಸಿನ ರೇಷ್ಮೆ ಸೀರೆಯ ಅಂಚನ್ನೂ ಮುಟ್ಟಿತು.

ಅಣ್ಣನಿಗೆ ಎಪ್ಪತ್ತು ಹತ್ತಿರ. ಉಡುಪಿಯಿಂದ ಬಂದು ಥಾಣೆಯಲ್ಲಿ ಸಸ್ಯಾಹಾರಿ ಹೋಟೆಲು ನಡೆಸಿದವನು. ಈಗ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಮಗ ಕೂರುತ್ತಾನೆ. ಅಣ್ಣ ಅತ್ತಿಗೆ ವರ್ತಕ ನಗರದ ಮನೆಯಲ್ಲಿ ಆರಾಮಾಗಿದ್ದಾರೆ. ನಮ್ಮ ಬಳಗದಲ್ಲಿ ಪೂಜೆ, ಉಪನಯನ ಏನಿದ್ದರೂ ಇನ್ನೂ ನೆಲದ ಮೇಲೆಯೇ ಎಲೆ ಹಾಕುವುದು. ಬಡಿಸುವವರೂ ಬಳಗದವರೇ. ಯಾರ ಕೈಗೆ ಯಾವ ಪಾತ್ರೆ ಎಂಬುದರಲ್ಲಿ ಒಂದು ದರ್ಜೆಯಿದೆ. ಉಪ್ಪು ಹೊಸಬರಿಗೆ. ಕೋಸಂಬರಿ, ಪಲ್ಯ ಸ್ವಲ್ಪ ಪಳಗಿದವರಿಗೆ. ಬಿಸಿ ಸಾರಿನ ಬಕೆಟ್ ಹಿಡಿದು ಎಲೆಯವರೆಗೆ ಬಗ್ಗಿ, ಅನ್ನದ ಗುಳಿಗೆ ಸರಿಯಾಗಿ ಹೊಯ್ದು, ನಿಲ್ಲದೆ ಮುಂದಿನ ಎಲೆಗೆ ಸರಿಯುವುದು ಎಲ್ಲರಿಂದ ಆಗುವುದಲ್ಲ. ನನಗೆ ನೆನಪಿರುವಷ್ಟು ಕಾಲದಿಂದ ಆ ಬಕೆಟ್ ಅಣ್ಣನದು.

ಅಂದು ಎರಡನೇ ಪಂಕ್ತಿಗೆ ಅಡುಗೆಯ ಭಟ್ಟರು ಅವನ ಕೈಗೆ ಉಪ್ಪಿನ ಬಟ್ಟಲು ಕೊಟ್ಟರು.

“ನೀವು ಇದನ್ನು ನೋಡಿಕೊಳ್ಳಿ ಮಾರಾಯ್ರೆ. ಚೆಲ್ಲಿದರೂ ಸುಡುವುದಿಲ್ಲ.”

ಎಲ್ಲರೂ ನಕ್ಕರು, ಅಣ್ಣನೂ ನಕ್ಕ. ಉಪ್ಪು ಬಡಿಸಿದ. ವಾಪಸು ಬರುವಾಗ ಲೋಕಲ್ ರೈಲು ದಿವಾ ಸ್ಟೇಷನ್ ದಾಟಿತು. ಆಗ ಅಣ್ಣ ಕೇಳಿದ: “ಇನ್ನು ನಾನು ಉಪ್ಪಿನವನಾ?”

ಡಾಕ್ಟರು ಎಕ್ಸ್‌ರೇ ನೋಡಿ ಮೂಳೆ ಸರಿಯಿದೆ ಎಂದರು. ಸೊಂಟದ ಕೀಲಿನ ಸುತ್ತಲಿನ ಸ್ನಾಯುಗಳು ಒಂದು ಕಡೆ ಬಿಗಿದಿವೆ, ಇನ್ನೊಂದು ಕಡೆ ಸೋತಿವೆ, ಫಿಸಿಯೊಥೆರಪಿ ಮಾಡಿಸಿ ಎಂದು ಕಳಿಸಿದರು. ನನ್ನದು ಪತ್ರಿಕೆಯಲ್ಲಿ ಸಂಜೆ ಪಾಳಿ. ಬೆಳಗ್ಗೆ ಘಣಸೋಲಿಯ ನನ್ನ ಮನೆಯಿಂದ ಹೊರಟು ಅವನ ಜೊತೆ ಹೋಗುವುದು ನನ್ನ ಪಾಲಿಗೆ ಬಂತು.

ಫಿಸಿಯೊಥೆರಪಿಸ್ಟ್ ಕಲ್ಯಾಣದಲ್ಲಿ ಹುಟ್ಟಿ ಬೆಳೆದ ಯುವತಿ. ತಾಯಿ ಮಂಗಳೂರಿನ ಕಡೆಯವರಂತೆ. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಮೊದಲ ದಿನ ಒಂಟಿಕಾಲಿನಲ್ಲಿ ನಿಲ್ಲಿಸಿದಳು. ಎಡಗಾಲಿನಲ್ಲಿ ಅಣ್ಣ ಹೇಗೋ ನಿಂತ. ಬಲಗಾಲಿಗೆ ಬದಲಾಯಿಸಿದ ಕೂಡಲೇ ಕೈ ಗೋಡೆಗೆ ಹೋಯಿತು. ನಂತರ ಮಗ್ಗುಲಾಗಿ ಮಲಗಿಸಿ, ಎಣ್ಣೆ ಹಚ್ಚಿ, ಎಡ ಪೃಷ್ಠದಿಂದ ತೊಡೆಯ ಹೊರಬದಿಯವರೆಗೆ ಹೆಬ್ಬೆರಳಿನಿಂದ ಒತ್ತುತ್ತ ಬಂದಳು. ಗಂಟು ಸಿಕ್ಕಲ್ಲಿ ಬಾಗಿದ ನುಣುಪು ಸ್ಟೀಲಿನ ಪಟ್ಟಿಯಿಂದ ಉಜ್ಜಿದಳು.

“ಅಯ್ಯೋ ಮಾರಾಯ್ತಿ, ಚಟ್ನಿ ಅರೆಯುತ್ತೀಯಾ?”

“ಚಟ್ನಿ ಇತನಾ ಚಿಲ್ಲಾತೀ ನಹೀಂ, ಅಂಕಲ್.” ಚಟ್ನಿ ಇಷ್ಟು ಕಿರುಚುವುದಿಲ್ಲವಂತೆ.

ಎದ್ದು ನಡೆದಾಗ ಹಗುರಾಗಿದೆ ಎಂದ. ಅಷ್ಟಕ್ಕೇ ಗುಣವಾಯಿತು ಎಂದುಕೊಂಡ. ಮನೆಯಲ್ಲಿ ಮಾಡಲು ಹೇಳಿದ ವ್ಯಾಯಾಮ ಮಾಡಲಿಲ್ಲ. ಮುಂದಿನ ವಾರ ಆಕೆ ಬೆರಳಿಟ್ಟು ನೋಡಿದಳು.

“ಫಿರ್ ಸೇ ಪತ್ಥರ್. ಘರ್ ಪೇ ಕಿಯಾ?” ಮತ್ತೆ ಕಲ್ಲಾಗಿದೆ, ಮನೆಯಲ್ಲಿ ಮಾಡಿದಿರಾ ಎಂದಳು.

“ಮಾಡಿದೆ ಮಾಡಿದೆ.”

“ಕೌನ್ ಸಾ ಕಿಯಾ?” ಯಾವುದು ಮಾಡಿದಿರಿ ಎಂದಳು.

ಅಣ್ಣ ನನ್ನ ಮುಖ ನೋಡಿದ. ನಾನು ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರ ನೋಡಿದೆ.

ಒತ್ತಿ ಉಜ್ಜಿದ್ದರಿಂದ ಬಿಗಿ ಸ್ವಲ್ಪ ಹೊತ್ತು ಸಡಿಲವಾಗುತ್ತದೆ, ಆ ಹೊತ್ತಿನಲ್ಲಿ ಸೋತ ಕಡೆಗೆ ಕೆಲಸ ಕಲಿಸದಿದ್ದರೆ ದೇಹ ಹಳೆಯ ದಾರಿಗೇ ಹೋಗುತ್ತದೆ ಎಂದು ಆಕೆ ಹೇಳಿದಳು. ಮುಗ್ಗರಿಸಿದ್ದು ಹೇಗೆ ಎಂದು ಆಗ ಕೇಳಿದಳು. ಅಣ್ಣ ಸಾರಿನ ಕಥೆ ಹೇಳಿದ. ಆಕೆ ನೆಲ ಒರೆಸುವ ಬಕೆಟ್‌ನಲ್ಲಿ ನೀರು, ಸೌಟಿನ ಬದಲು ಒಂದು ಮಗ್ ತಂದು, ಬಡಿಸಿ ತೋರಿಸಿ ಎಂದಳು.

ಬಕೆಟ್ ಎಡಗೈಯಲ್ಲಿ, ಮಗ್ ಬಲಗೈಯಲ್ಲಿ. ಭಾರವೆಲ್ಲ ಎಡಗಾಲಿನ ಮೇಲೆ. ಪ್ರತಿ ಸಲ ಬಗ್ಗಿದ್ದೂ ಆ ಕಾಲಿನಿಂದ, ಎದ್ದದ್ದೂ ಆ ಕಾಲಿನಿಂದ. ಬಲಗಾಲು ಸುಮ್ಮನೆ ಹಿಂದೆ ಬಂತು. ವರ್ಷಗಟ್ಟಲೆ ನೋಡಿದ್ದ ನನಗೂ ಅದು ಕಂಡಿರಲಿಲ್ಲ.

ಬಕೆಟ್ ಬಲಗೈಗೆ ತೆಗೆದುಕೊಳ್ಳಿ, ಎಡಗೈಯಲ್ಲಿ ಬಡಿಸಿ, ದಿನಾ ಇದೇ ವ್ಯಾಯಾಮ ಎಂದಳು.

ಅಣ್ಣ ಬಕೆಟ್ ಕೆಳಗಿಟ್ಟ. “ಎಡಗೈಯಲ್ಲಿ ಬಡಿಸುವುದಾ? ನಿಮ್ಮ ಅಮ್ಮನ ಹತ್ತಿರ ಒಂದು ಮಾತು ಕೇಳು. ಶತ್ರುವಿಗೂ ಹಾಗೆ ಬಡಿಸುವುದಿಲ್ಲ.”

“ಪಾನೀ ಹೈ ಅಂಕಲ್, ಸಾರು ಥೋಡೀ ಹೈ.” ನೀರು ತಾನೇ, ಸಾರಲ್ಲವಲ್ಲ ಎಂದಳು.

“ಕೈ ಅದೇ ಅಲ್ಲವಾ?”

ಒಪ್ಪಲಿಲ್ಲ. ಮನೆಗೆ ಬಂದು ಅತ್ತಿಗೆಗೆ ದೂರು ಹೇಳಿದ. ಅತ್ತಿಗೆ ಬಸಳೆಯ ಎಲೆ ಬಿಡಿಸುತ್ತಿದ್ದರು. ತಲೆ ಎತ್ತದೆ ಹೇಳಿದರು: “ಟೆರೇಸಿನಲ್ಲಿ ನನ್ನ ಕುಂಡಗಳಿಗೆ ನೀರು ಹಾಕಿ. ಮಲ್ಲಿಗೆ ಗಿಡ ಯಾವ ಕೈ ಅಂತ ಕೇಳುವುದಿಲ್ಲ.”

ಇದರಲ್ಲಿ ದೋಷ ಹುಡುಕಲು ಅವನಿಗೆ ಒಂದು ರಾತ್ರಿ ಸಾಲಲಿಲ್ಲ. ಮರುದಿನ ಕುಂಡಗಳನ್ನು ಎರಡು ಸಾಲಾಗಿ ಇಟ್ಟ. ಬಲಗೈಯಲ್ಲಿ ಬಕೆಟ್, ಎಡಗೈಯಲ್ಲಿ ಹಳೆಯ ಸೌಟು. ಬಲಗಾಲಿನ ಮೇಲೆ ಭಾರ ಹಾಕಿ ಬಗ್ಗುವುದು, ಏಳುವುದು, ಸರಿಯುವುದು. ಮೊದಮೊದಲು ನಾನು ಹಿಂದೆ ನಿಂತಿರುತ್ತಿದ್ದೆ. ನೀರಿನ ಟಾಕಿ ನೋಡಲು ಬಂದ ಸೊಸೈಟಿಯ ಸೆಕ್ರೆಟರಿ ಮರಾಠಿಯಲ್ಲಿ ಕೇಳಿದ, “ಕಾಯ್ ಅಣ್ಣಾ, ಪಂಗತ್ ಬಸಲೀ ಕಾ?” ಪಂಕ್ತಿ ಕೂತಿತಾ ಎಂದು. ಅಣ್ಣ ತಿರುಗದೆ, “ಬಸಾ ತುಮ್ಹೀ ಪಣ್,” ನೀವೂ ಕೂತುಬಿಡಿ ಎಂದ.

ಮಳೆ ಬಿರುಸಾದ ಮೇಲೆ ಕುಂಡಗಳಿಗೆ ನೀರು ಬೇಡವಾಯಿತು. ಆದರೂ ಬಿಡಲಿಲ್ಲ, ಕುಂಡಗಳು ಟೆರೇಸಿನ ತಗಡಿನ ಚಾವಣಿಯ ಕೆಳಗೆ ಬಂದವು, ಖಾಲಿ ಸೌಟಿನಲ್ಲಿ ಬಡಿಸಿದ. ಗಣಪತಿ ಹಬ್ಬದ ಊಟಕ್ಕೆ ಕರೆ ಬಂದಾಗ ಬಡಿಸಲು ತಾನಾಗಿಯೇ ಮುಂದೆ ಹೋಗಲಿಲ್ಲ. ದೀಪಾವಳಿಯ ಹೊತ್ತಿಗೆ ಹಲ್ಲುಜ್ಜುವಾಗ ಬಲಗಾಲಿನಲ್ಲಿ ನಿಲ್ಲುತ್ತಿದ್ದ. ಸ್ಟೀಲಿನ ಪಟ್ಟಿ ಅಪರೂಪವಾಯಿತು, ಚಿಕಿತ್ಸೆ ತಿಂಗಳಿಗೊಮ್ಮೆ ಆಯಿತು. ಕ್ಲಿನಿಕ್ಕಿನಿಂದ ಇಳಿದು ನಾವಿಬ್ಬರೂ ಚಹಾ ಕುಡಿಯುತ್ತಿದ್ದೆವು. ಆ ಬೆಳಗುಗಳು ನನಗೆ ಹಿಡಿಸಿದ್ದವು.

ಈ ವರ್ಷ ಫೆಬ್ರವರಿಯಲ್ಲಿ ಟಿಟ್ವಾಳಾದಲ್ಲಿ ನಮ್ಮ ತಂಗಿಯ ಮಗಳ ಹೊಸ ಫ್ಲ್ಯಾಟಿನ ಗೃಹಪ್ರವೇಶವಾಯಿತು. ಅಡುಗೆಗೆ ಅದೇ ಭಟ್ಟರು. ಎಲೆ ಹಾಕುವ ಹೊತ್ತಿಗೆ ಅಣ್ಣ ಅವರ ಮುಂದೆ ನಿಂತ.

“ಭಟ್ರೇ, ಸಾರು ಅರ್ಧ ಬಕೆಟ್ ಕೊಡಿ. ಚೆಲ್ಲಿದರೆ ಮುಂದಿನ ಜನ್ಮಕ್ಕೂ ಉಪ್ಪೇ ಬಡಿಸುತ್ತೇನೆ.”

“ಮುಂದಿನ ಜನ್ಮದಲ್ಲಿ ಅಡುಗೆಗೆ ನಾನು ಸಿಗುವುದಿಲ್ಲ. ಈಗಲೇ ಸರಿಯಾಗಿ ಬಡಿಸಿ.”

ಸೌಟು ಬಲಗೈಯಲ್ಲೇ ಇತ್ತು. ಬಗ್ಗುವಾಗ ಭಾರ ಎರಡೂ ಕಾಲುಗಳ ಮೇಲಿತ್ತು. ಮೊದಲಿನ ವೇಗವಿರಲಿಲ್ಲ, ಸಾಲಿನ ಕೊನೆಯವರು ಅನ್ನ ಕಲಸದೆ ಕಾದರು. ಮೊದಲ ಪಂಕ್ತಿಗೆ ಪೂರ್ತಿ ಸಾರು ಬಡಿಸಿದ. ಎರಡನೇ ಪಂಕ್ತಿಗೆ ಬಕೆಟ್ ತಂಗಿಯ ಅಳಿಯನಿಗೆ ಕೊಟ್ಟು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ನನ್ನ ಪಕ್ಕದಲ್ಲಿ ಕುಳಿತು ಊಟ ಮಾಡಿದ.