ನನ್ನನ್ನು ಕೂರಲು ಬಿಡಿ

ಬಿದ್ದಾಗ ನೋವಾಗಲಿಲ್ಲ. ಸೋಮನಹಳ್ಳಿ ದಾಟಿದ ಮೇಲೆ ಸರ್ವಿಸ್ ರೋಡಿನಲ್ಲಿ, ಬಣ್ಣ ಬಳಿಯದ ಒಂದು ಹಂಪ್ ಮೇಲೆ ಸ್ಕೂಟರ್ ಹಾರಿತು. ನಾನು ಬೆನ್ನು ಕೆಳಗಾಗಿ ಬಿದ್ದಿದ್ದೆ. ಹೂ ಮಾರುವ ಹೆಂಗಸೊಬ್ಬಳು ಓಡಿಬಂದು ನನ್ನ ಸೀರೆ ಸರಿಮಾಡುತ್ತಾ, "ಕಾಲ್ ಮಡಚ್ಕೊ ಕಣವ್ವ, ಜನ ನೋಡ್ತಾವ್ರೆ" ಅಂದಳು. ಮಡಚಿಕೊಂಡೆ.

"ಮಡಚ್ಕೊ ಅಂದೆ ಕಣವ್ವ" ಅಂದಳು ಮತ್ತೆ.

ಕಾಲು ಚಾಚಿದ್ದು ಚಾಚಿದಂತೆಯೇ ಇತ್ತು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಬೆನ್ನಿಗೆ ರಾಡು, ಸ್ಕ್ರೂ ಹಾಕಿದರು. ಆಮೇಲೊಂದು ದಿನ ಡಾಕ್ಟರು ಮಂಚದ ಪಕ್ಕ ನಿಂತು, "ಸ್ಪೈನಲ್ ಕಾರ್ಡ್ ಪೆಟ್ಟು. ಟಿ-ಟೆನ್, ಕಂಪ್ಲೀಟ್" ಅಂದರು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಕಂಪ್ಲೀಟ್ ಅನ್ನುವ ಮಾತಿಗೆ ವಿವರಣೆ ಕೇಳಲಿಲ್ಲ. ನನ್ನ ಗಂಡ ಕೇಳಿದರು.

"ಹೊಕ್ಕುಳಿಂದ ಕೆಳಗೆ ಸ್ಪರ್ಶ, ಚಲನೆ ವಾಪಸ್ ಬರೋ ಸಾಧ್ಯತೆ ತೀರಾ ಕಮ್ಮಿ. ನಡೆಯೋ ಮಾತು ಪಕ್ಕಕ್ಕಿಡಿ. ಮೊದಲು ಕೂರೋದು ಕಲೀಬೇಕು."

ಕೂರೋದು!

ಮಗುವಾಗಿದ್ದಾಗ ಯಾರೂ ಹೇಳಿಕೊಡದೆ ಕಲಿತದ್ದನ್ನು ರಿಹ್ಯಾಬ್ ವಾರ್ಡಿನಲ್ಲಿ ಬೆವರು ಸುರಿಸಿ ಕಲಿತೆ. ಮಂಚದಿಂದ ವೀಲ್‌ಚೇರಿಗೆ ಹಲಗೆಯ ಮೇಲೆ ಜಾರುವುದು. ನಾನೇ ಕ್ಯಾತಿಟರ್ ಹಾಕಿಕೊಂಡು ಮೂತ್ರ ತೆಗೆಯುವುದು. ಆಗಾಗ ಎರಡೂ ಕೈಯೂರಿ ಕುಂಡಿ ಎತ್ತಿ ಹಿಡಿಯುವುದು, ಇಲ್ಲದಿದ್ದರೆ ಒತ್ತಿದ ಕಡೆ ಚರ್ಮ ಕೊಳೆತು ಬೆಡ್‌ಸೋರ್ ಆಗುತ್ತದೆ. ಇಂಥ ಮಾತು ಬರೆಯಲು ಇರಬೇಕಾದ ನಾಚಿಕೆಯನ್ನು ಆ ವಾರ್ಡಿನಲ್ಲೇ ಬಿಟ್ಟು ಬಂದಿದ್ದೇನೆ. ಒಂದೇ ಆಸೆ ಇತ್ತು. ನಮ್ಮ ಹೆಡ್‌ಮಾಸ್ಟರು ನೋಡಲು ಬಂದಾಗ, "ಜೂನ್‌ಗೆ ಹತ್ತನೇ ಕ್ಲಾಸನ್ನ ಕೆಳಗಿನ ರೂಮಿಗೆ ಹಾಕಿಸ್ತೀನಿ ಮೇಡಂ. ಮಧ್ಯಾಹ್ನದವರೆಗೆ ಕೂತ್ಕೊಳ್ಳೋಕಾದ್ರೆ ಸಾಕು" ಅಂದಿದ್ದರು. ಮಧ್ಯಾಹ್ನದವರೆಗೆ ಕೂರಬೇಕು, ಅಷ್ಟೆ.

ಮಳವಳ್ಳಿಯ ಮನೆಗೆ ಬಂದರೆ ಕೂರುವ ಮಾತು ಯಾರಿಗೂ ಬೇಕಿರಲಿಲ್ಲ. ಬಂದವರೆಲ್ಲ ಡಬ್ಬಿಯಲ್ಲಿ ಕಾಲು ಸೂಪು ತಂದರು. ಕುರಿಯ ಕಾಲಿನ ಸಾರ ನನ್ನ ಕಾಲಿಗೆ ಇಳಿಯುತ್ತದಂತೆ. ತಾಲ್ಲೂಕಿನ ಅರ್ಧ ಕುರಿಗಳು ನನಗಾಗಿ ಕಾಲು ಕಳೆದುಕೊಂಡಿರಬೇಕು. ಹೆಬ್ಬೆರಳು ಅಲ್ಲಾಡಿದ್ದನ್ನು ಕಂಡೆ ಅಂತ ಒಬ್ಬರು ಆಣೆ ಮಾಡಿದರು. ಅದು ಸ್ಪಾಸಂ, ನರ ತಾನಾಗಿ ಜಗ್ಗುವುದು ಅಂದರೆ, "ನಿನ್ಗೇನ್ ಗೊತ್ತು ಸುಮ್ಕಿರು" ಅಂತ ನನಗೇ ಗದರಿದರು. ನನ್ನ ಕಾಲಿನ ವಿಷಯ ನನಗೊಬ್ಬಳಿಗೆ ಬಿಟ್ಟು ಊರಿಗೆಲ್ಲ ಗೊತ್ತಿತ್ತು.

ಎಲ್ಲರಿಗಿಂತ ಹೆಚ್ಚು ನಂಬಿದವರು ನನ್ನ ಅತ್ತೆ. ನಾನು ವೀಲ್‌ಚೇರಿಗೆ ಜಾರಿದಾಗಲೆಲ್ಲ ಮುಖ ತಿರುಗಿಸುತ್ತಿದ್ದರು. "ಆ ಗಾಡಿಗ್ ಒಗ್ಗೋಗ್ಬ್ಯಾಡ ಕಣಮ್ಮ. ಒಗ್ಗೋದ್ರೆ ಕಾಲ್ಗೆ ಸೋಮಾರಿತನ ಬತ್ತದೆ."

"ಅತ್ತೆ, ನಾನು ನಡೆಯೋಲ್ಲ. ಕೂರೋಕೆ ಬಿಡಿ."

"ಬುಡ್ತು ಅನ್ನು."

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ವ್ಯಾಯಾಮ ಮುಗಿಸಿ ಸುಸ್ತಾಗಿ ಮಗ್ಗುಲಾಗಿ ಮಲಗಿದ್ದೆ. ಅತ್ತೆ ಒಲೆಯಲ್ಲಿ ಇಟ್ಟಿಗೆ ಕಾಯಿಸಿ, ಬಟ್ಟೆ ಸುತ್ತಿ, ನನ್ನ ತೊಡೆಯ ಹಿಂದಕ್ಕೆ ಒತ್ತಿ ಇಟ್ಟರು. ನಮ್ಮ ಕಡೆ ಬಾಣಂತಿಯ ಸೊಂಟಕ್ಕೆ ಹೀಗೇ ಕಾವು ಕೊಡುವುದು. ಸುತ್ತಮುತ್ತಲ ಎಷ್ಟೋ ಬಾಣಂತಿಯರು ಅವರ ಕೈಯ ಕಾವಿನಲ್ಲಿ ಎದ್ದು ಓಡಾಡಿದ್ದಾರೆ. ಬಿಸಿ ಹೆಚ್ಚಾದರೆ ಬಾಣಂತಿ ಅಯ್ಯೋ ಅನ್ನುತ್ತಾಳೆ, ಅತ್ತೆ ಇಟ್ಟಿಗೆ ಸರಿಸುತ್ತಾರೆ.

ನಾನು ಅಯ್ಯೋ ಅನ್ನಲಿಲ್ಲ.

ಸಂಜೆ ನನ್ನನ್ನು ಹೊರಳಿಸಿದ ಗಂಡ ಹಾಗೇ ನಿಂತುಬಿಟ್ಟರು. "ಏನವ್ವ ಇದು?"

"ನರ ಬುಟ್ಕೊಳ್ಳಿ ಅಂತ ವಸಿ ಕಾವ್ ಕೊಟ್ಟೆ ಕಣ್ಲಾ. ಅವ್ಳು ಏನೂ ಅನ್ನದಂಗೆ ನಿದ್ದೆ ಮಾಡ್ತಿದ್ಲಲ್ಲ..."

ಕೂತರೆ ಭಾರ ಬೀಳುವ ಜಾಗದಲ್ಲೇ ಅಂಗೈಯಗಲ ಬೊಬ್ಬೆ. ಮಂಡ್ಯದ ಆಸ್ಪತ್ರೆಯಲ್ಲಿ ಡ್ರೆಸ್ಸಿಂಗ್ ಮಾಡಿದ ಡಾಕ್ಟರು, ಮಾಯುವವರೆಗೆ ಕೂರಲೇಬಾರದು, ಬೋರಲು ಮಲಗಿರಿ ಅಂದರು. ತಿಂಗಳುಗಟ್ಟಲೆ ಕಲಿತದ್ದನ್ನು ಒಂದು ಇಟ್ಟಿಗೆ ನುಂಗಿತ್ತು. ಮನೆಗೆ ಬಂದವಳೇ ಕೂಗಾಡಿದೆ. "ನಿಮ್ಮ ಆಸೆಗೆ ನನ್ನ ಚರ್ಮ ಬೇಕಿತ್ತಾ?" ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹಿತ್ತಿಲಿಗೆ ಹೋದರು. ನನಗೆ ಪಾಪ ಅನಿಸಲಿಲ್ಲ. ಅಳಲಿ ಅನಿಸಿತು.

ಬೋರಲು ಬಿದ್ದವಳಿಗೆ ಕಾಣುವುದು ನೆಲ, ಬಂದುಹೋಗುವವರ ಪಾದ. ನಡೆದಾಡುವ ಪಾದಗಳನ್ನು ಅಷ್ಟು ಹತ್ತಿರದಿಂದ ದಿನವಿಡೀ ನೋಡುವುದು ಏನೆಂದು ಹೇಗೆ ಹೇಳಲಿ? ತೋಳಿನ ಬಲ ಇಳಿಯಿತು, ಬಾಯಿಯ ಬಲ ಏರಿತು. ಉಪ್ಪು ಕಮ್ಮಿ ಅಂತ ರೇಗಿದೆ, ಫ್ಯಾನಿನ ಸದ್ದಿಗೆ ರೇಗಿದೆ. ಅತ್ತೆ ಮುದ್ದೆ ಮುರಿದು ಬಾಯಿಗಿಡುತ್ತಿದ್ದರು. ಡ್ರೆಸ್ಸಿಂಗ್ ಬಿಚ್ಚಿದಾಗಲೆಲ್ಲ ಬಗ್ಗಿ ಆ ಗಾಯವನ್ನು ನೋಡುತ್ತಿದ್ದರು. ಒಂದು ಸಲ ನನ್ನ ಮುಖ ನೋಡುತ್ತಾ ಗಾಯದ ಅಂಚನ್ನು ಬೆರಳಿನಿಂದ ಮುಟ್ಟಿದರಂತೆ. ನನಗೆ ತಿಳಿಯಲಿಲ್ಲ. ಗಂಡ ಹೇಳಿದರು.

ಗಾಯ ಮಾಯುವ ಹೊತ್ತಿಗೆ ಯುಗಾದಿ ಬಂತು. ಮಾರನೆಯ ದಿನ ಹೊಸತೊಡಕು. ನಮ್ಮ ಕಡೆ ಅವತ್ತು ಬಾಡಿನ ಸಾರು ಕುದಿಯದ ಮನೆ ಕಮ್ಮಿ, ನೆಂಟರು ಬಾರದ ಮನೆ ಇನ್ನೂ ಕಮ್ಮಿ. ಡಾಕ್ಟರು ಸ್ವಲ್ಪ ಸ್ವಲ್ಪ ಹೊತ್ತು ಕೂರಲು ಬಿಟ್ಟಿದ್ದರು. ನಡುಮನೆಯಲ್ಲಿ ವೀಲ್‌ಚೇರಿನಲ್ಲಿದ್ದೆ. ಮದ್ದೂರಿನಿಂದ ಬಂದ ಗಂಡನ ಸೋದರತ್ತೆ ಊಟಕ್ಕೆ ಕೂತವರು, ನನ್ನನ್ನು ದಾಟಿ ಅತ್ತೆಯನ್ನು ಕೇಳಿದರು. "ಯಾವಾಗ್ ಎದ್ ಓಡಾಡ್ತಾಳಂತೆ ನಿನ್ ಸೊಸೆ?"

ನನ್ನ ಉತ್ತರ ನಾಲಗೆಯ ತುದಿಯಲ್ಲಿತ್ತು.

"ಅವ್ಳು ನಡ್ಯಾಕಿಲ್ಲ ಕಣವ್ವ" ಅಂದರು ಅತ್ತೆ, ಸಾರು ಬಡಿಸುತ್ತಲೇ. "ಆ ಕಾಲ್ಗೆ ಜೀವ ಬರಾಕಿಲ್ಲ. ಗಾಡೀಲೇ ಇಸ್ಕೂಲ್ಗೆ ಓಯ್ತಾಳೆ. ಇನ್ನೊಂದ್ ಸಲ ಕೇಳ್ಬ್ಯಾಡಿ."

ಯಾವ ಮಾತಿಗಾಗಿ ಇಷ್ಟು ದಿನ ಜಗಳವಾಡಿದ್ದೆನೋ ಅದೇ ಮಾತು. ಗೆದ್ದೆ ಅನಿಸಬೇಕಿತ್ತು. ಅನಿಸಲಿಲ್ಲ. ಆಸೆಯನ್ನೆಲ್ಲ ಅವರೊಬ್ಬರ ಮೇಲೆ ಹೊರಿಸಿ ನಾನು ಧೈರ್ಯವಂತೆಯಾಗಿದ್ದೆ. ಅವರೂ ಇಳಿಸಿದ ಮೇಲೆ ಅದನ್ನು ಹೊರುವವರು ಯಾರೂ ಉಳಿಯಲಿಲ್ಲ.

ಚಕ್ರ ತಳ್ಳಿಕೊಂಡು ಅಡುಗೆಮನೆಗೆ ಹೋದೆ. "ನೀವೂ ಹಂಗಂದ್ಬಿಟ್ರಲ್ಲ ಅತ್ತೆ."

"ನೀನೇ ಅಲ್ವಾ ಯೋಳ್ತಿದ್ದಿದ್ದು?"

"ನಾನು ಹೇಳಬೋದು. ನೀವು ಹೇಳಬಾರದಿತ್ತು."

ನಾನು ಅತ್ತುಬಿಟ್ಟೆ, ಜೋರಾಗಿಯೇ. ಅವರು ಸೌಟು ಕೆಳಗಿಟ್ಟು ನನ್ನ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡರು. ಅವರ ಹೊಟ್ಟೆಯೂ ಅದುರುತ್ತಿತ್ತು. ಸ್ವಲ್ಪ ಹೊತ್ತಿಗೆ ಮೂಗು ಒರೆಸಿಕೊಂಡು, ಈಚೆಗೆ ಕಲಿತ ಹೊಸ ಗದರಿಕೆಯಲ್ಲಿ ಅಂದರು:

"ಆಗ್ಲಿಂದ ಕುಂತೇ ಇದ್ದೀಯ. ಕೈಯೂರಿ ಎತ್ತು, ಎತ್ತು."