ಬಟನ್, ಬಟನ್, ಬಟನ್!

“ಬಟನ್... ಬಟನ್... ಬಟನ್... ಬಟನ್...”

ಯಾವುದೋ ಮಂತ್ರವಲ್ಲ. ಈಚೆಗೆ ನಮ್ಮ ಧಾರವಾಡದ ಹೈಸ್ಕೂಲಿನಲ್ಲಿ ಒಂದು ಕಂಪ್ಯೂಟರ್ ಹೀಗೆ ಜಪ ಮಾಡಿತು. ಎದುರಿಗೆ ನಾವು ನಾಲ್ವರು ಶಿಕ್ಷಕರು, ಜೊತೆಗೆ ಹುಬ್ಬಳ್ಳಿಯಿಂದ ಟೈ ಕಟ್ಟಿಕೊಂಡು ಬಂದ ಒಬ್ಬ ಸೇಲ್ಸ್‌ಮನ್. ಜಪ ಮುಂದುವರಿದಂತೆ ಆತನ ಟೈ ಬಿಗಿಯಾಗುತ್ತಾ ಹೋಯಿತು.

ಮೊದಲಿನಿಂದ ಹೇಳುತ್ತೇನೆ. ಹಳೆಯ ವಿದ್ಯಾರ್ಥಿಗಳು ನಮ್ಮ ಶಾಲೆಗೆ ಹೊಸ ಕಂಪ್ಯೂಟರ್ ಕೊಡಿಸಿದರು. ಅದರಲ್ಲಿ ಯಾವ ಬ್ರೌಸರ್ ಇರಬೇಕು, ಯಾವ ಆ್ಯಪ್ ಹಿಡಿದು ಪಾಠ ಮಾಡಬೇಕು? ಸಮಿತಿ ಆಯಿತು. (ನಮ್ಮಲ್ಲಿ ನೀರಿನ ಟಾಕಿಗೆ ಮುಚ್ಚಳ ಹಾಕಲಿಕ್ಕೂ ಸಮಿತಿ ಬೇಕು.) ಹೆಡ್ ಮಾಸ್ತರ್ ಪಾಟೀಲ ಸರ್ ಅಧ್ಯಕ್ಷರು. ಕಂಪ್ಯೂಟರ್ ಕಲಿಸುವ ಶ್ವೇತಾ ಮೇಡಂ ಸದಸ್ಯರು. ಕನ್ನಡ ಕಲಿಸುವ ನಾನೂ ಸದಸ್ಯ. ನನಗೆ ಬ್ರೌಸರ್ ಬಗ್ಗೆ ಏನು ಗೊತ್ತು? ಏನೂ ಇಲ್ಲ. ಎದುರು ಮಾತಾಡುವುದಿಲ್ಲ ಎಂಬ ಅರ್ಹತೆಯ ಮೇಲೆ ಆಯ್ಕೆಯಾದವನು.

ನಾಲ್ಕನೆಯವರು ಶಬಾನಾ ಟೀಚರ್, ಸಮಾಜ ವಿಜ್ಞಾನ. ಈ ಜೂನ್‌ನಲ್ಲಿ ಬಂದವರು. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಅವರಿಗೆ ಜೊತೆಗಾರ. ಮೌಸ್ ಮುಟ್ಟುವುದಿಲ್ಲ, ಕೀಬೋರ್ಡ್ ಬಿಡುವುದಿಲ್ಲ. ಆದರೆ ನಮ್ಮ ಶಾಲೆಯ ಹಳೆಯ ಪಾಠದ ಆ್ಯಪ್ ಮೌಸ್ ಇಲ್ಲದೆ ಅಲುಗಾಡುತ್ತಿರಲಿಲ್ಲ. ಹಾಗಾಗಿ ಅವರ ಕ್ಲಾಸಿನಲ್ಲಿ ಶ್ವೇತಾ ಮೇಡಂ ಕೂತು ಒತ್ತಿಕೊಡುತ್ತಿದ್ದರು. “ಕಮಿಟ್ಯಾಗ ನಾನೂ ಇರ್ತೇನ್ರಿ ಸರ್” ಅಂತ ಟೀಚರ್ ತಾವಾಗಿಯೇ ಕೇಳಿ ಸೇರಿದ್ದರು.

ಸೇಲ್ಸ್‌ಮನ್ ತಂದಿದ್ದ ಹೊಸ ಪಾಠದ ಆ್ಯಪಿನ ಡೆಮೊ ಶುರುವಾಯಿತು. ಪರದೆಯ ಮೇಲೆ ಗಿಳಿ ಹಾರಿತು, ಕಪ್ಪೆ ಜಿಗಿಯಿತು, ಉತ್ತರ ಸರಿಯಾದಾಗ ಪಟಾಕಿ ಸಿಡಿಯಿತು. ಪಾಟೀಲ ಸರ್ ಐದನೇ ಇಯತ್ತೆಯ ಹುಡುಗನಾಗಿಬಿಟ್ಟರು. “ಭಾರಿ ಐತಲ್ರಿ!” ಎಂದು ಎಲ್ಲರಿಗೂ ತಿನ್ನಲು ಮಂಡಕ್ಕಿಯ ಗಿರ್ಮಿಟ್ ತರಿಸಿದರು. ನಮ್ಮ ಶಾಲೆಯಲ್ಲಿ ಗಿರ್ಮಿಟ್ ಬಂತೆಂದರೆ ನಿರ್ಣಯ ಪಾಸಾದಂತೆ.

ಆಗ ಶಬಾನಾ ಟೀಚರ್ ಬಾಯಿಬಿಟ್ಟರು. “ಇದು ಕೀಬೋರ್ಡಿನ್ಯಾಗ ನಡೀತದೇನ್ರಿ?”

“ಕೀಬೋರ್ಡ್ ಬೇಕಾಗಂಗಿಲ್ರಿ ಮೇಡಂ. ಮೌಸಿಂದ ಹಿಡದು ಎಳದ್ರ ಆತು. ಭಾಳ ಈಸಿ!” ಎಂದ ಸೇಲ್ಸ್‌ಮನ್.

“ಯಾರಿಗ್ರಿ ಈಸಿ? ಸ್ವಲ್ಪ ಸರೀರಿ, ನಾನೊಮ್ಮೆ ನೋಡ್ತೇನಿ.”

ಬ್ಯಾಗಿನಿಂದ ಪೆನ್‌ಡ್ರೈವ್ ತೆಗೆದು ಚುಚ್ಚಿ ಸ್ಕ್ರೀನ್ ರೀಡರ್ ಚಾಲೂ ಮಾಡಿದರು. ಟ್ಯಾಬ್ ಕೀ ಒತ್ತಿದರು. “ಬಟನ್” ಎಂದಿತು. ಇನ್ನೊಮ್ಮೆ ಒತ್ತಿದರು. “ಬಟನ್.” ಗಿಳಿಯೂ ಬಟನ್, ಕಪ್ಪೆಯೂ ಬಟನ್, ಉತ್ತರವೂ ಬಟನ್. ಮೊದಲು ನಕ್ಕವರು ಶ್ವೇತಾ ಮೇಡಂ.

“ಸರ್, ಇದು ಲಗ್ನದ ಛತ್ರ ಇದ್ದಂಗ,” ಎಂದರು ಶಬಾನಾ ಟೀಚರ್. “ತುಂಬ ಬಾಗಲಾ ಅದಾವು. ಯಾವುದು ಊಟದ ಮನಿ, ಯಾವುದು ಬಚ್ಚಲಾ ಅಂತ ಬೋರ್ಡ್ ಹಾಕಿಲ್ಲ. ಹಸದು ಬಂದವರು ಎಲ್ಲಿ ಹೋಗಬೇಕ್ರಿ?”

“ಅದಕ್ಕೇನ್ರಿ ಟೀಚರ್,” ಪಾಟೀಲ ಸರ್ ಸಮಾಧಾನ ಮಾಡಿದರು. ಒಳ್ಳೆಯ ಮನುಷ್ಯ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. “ಶ್ವೇತಾ ಮೇಡಂ ಈಗ ಬರ್ತಾರಲ್ಲ, ಮುಂದೂ ಹಂಗ ಬರ್ತಾರ.”

ಟೀಚರ್ ಕೀಬೋರ್ಡಿನಿಂದ ಕೈ ತೆಗೆದರು. ಆಮೇಲೆ ಮೆಲ್ಲಗೆ ಕೇಳಿದರು: “ನಿಮ್ಮ ಗಣಿತದ ಪೀರಿಯಡ್ಡಿನ್ಯಾಗ ಚಾಕ್ ಹಿಡೀಲಿಕ್ಕೆ ಬ್ಯಾರೆ ಮಾಸ್ತರನ್ನ ಕಳಿಸಿದ್ರ ನಿಮಗ ಹ್ಯಾಂಗ ಅನಸ್ತದ್ರಿ ಸರ್?”

ಪಾಟೀಲ ಸರ್ ಗಿರ್ಮಿಟ್ ಪ್ಲೇಟು ಕೆಳಗಿಟ್ಟರು.

“ಖರೇ ಐತಿ,” ಸರ್ ಅಂದರು. “ಹಂಗಾರ ಏನ್ ತಗೋಬೇಕು, ನೀವ ಹೇಳ್ರಿ.”

ತಗೊಳ್ಳುವುದು ಏನೂ ಇರಲಿಲ್ಲ! ಕಂಪ್ಯೂಟರಿನಲ್ಲಿ ಆಗಲೇ ಇದ್ದ ಸಾದಾ ಬ್ರೌಸರನ್ನೇ ತೆರೆದು, ಪಾಠದ ಪುಟವೊಂದನ್ನು ಟೀಚರ್ ತಾವೇ ಹುಡುಕಿದರು. “ಶೀರ್ಷಿಕೆ: ಕರ್ನಾಟಕದ ನದಿಗಳು” ಎಂದು ಸ್ಕ್ರೀನ್ ರೀಡರ್ ಸ್ಪಷ್ಟವಾಗಿ ಓದಿತು. ಚಿತ್ರ ಬಂದಲ್ಲಿ, ಅದರಲ್ಲಿ ಏನಿದೆ ಎಂದು ಹೇಳಿತು. ಆಮೇಲೆ ಟೀಚರ್ ನಮ್ಮ ಕಡೆ ತಿರುಗಿದರು. “ಈಗ ನೀವು ಓದಿ ನೋಡ್ರಿ.”

ನಾನು ಮುಂದೆ ಹೋದೆ. ಅಕ್ಷರಗಳು ಇರುವೆಗಳಂತೆ ಕಂಡವು. ಚಾಳೀಸು ಮನೆಯಲ್ಲಿ ಮರೆತಿದ್ದೇನೆ ಎಂದೆ. (ನನ್ನ ಚಾಳೀಸು ಯಾವಾಗಲೂ ಮನೆಯಲ್ಲೇ ಇರುತ್ತದೆ. ಹಾಕಿಕೊಂಡರೆ ವಯಸ್ಸಾದಂತೆ ಕಾಣುತ್ತೇನೆ.) “ಕಂಟ್ರೋಲ್ ಒತ್ತಿ ಹಿಡದು ಪ್ಲಸ್ ಒತ್ತರಿ” ಎಂದರು ಟೀಚರ್. ಇರುವೆಗಳು ಜೀರುಂಡೆಗಳಾದವು. ಒಂದಕ್ಷರ ಬಿಡದೆ ಓದಿದೆ! ಪಾಟೀಲ ಸರ್‌ಗೆ ಎಡಗಿವಿ ಮಂದ. ಇಡೀ ಶಾಲೆಗೆ ಗೊತ್ತಿದೆ, ಯಾರೂ ಆಡುವುದಿಲ್ಲ. ಅದೇ ಪುಟದಲ್ಲಿದ್ದ ವಿಡಿಯೋದ ಕೆಳಗೆ ಮಾತುಗಳೆಲ್ಲ ಕನ್ನಡ ಸಾಲಾಗಿ ಮೂಡಿದಾಗ ಸರ್ ಕುರ್ಚಿ ಎಳೆದುಕೊಂಡು ಪೂರ್ತಿ ನೋಡಿದರು. “ಈ ಸಾಲು ಹುಡುಗ್ರಿಗೆ ಭಾಳ ಉಪಯೋಗ” ಎಂದರು. ಹೌದು, ಹುಡುಗರಿಗೇ!

ಸೇಲ್ಸ್‌ಮನ್‌ಗೆ ಸರ್ ಚಹಾ ಕುಡಿಸಿ ಕಳಿಸಿದರು. “ನಿಮ್ಮ ಬಟನ್ನಿಗೆಲ್ಲ ನಾಮಕರಣ ಮುಗಿಸಿಕೊಂಡು ಬರ್ರಿ. ಆಮ್ಯಾಲೆ ನೋಡೋಣಂತ.”

ಸೋಮವಾರ ಶಬಾನಾ ಟೀಚರ್ ಒಬ್ಬರೇ ಒಂಬತ್ತನೇ ಕ್ಲಾಸಿಗೆ ಹೋದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಗದ್ದಲವೋ ಗದ್ದಲ. ಏನಾಯಿತಪ್ಪಾ ಎಂದು ನಾನು ಓಡಿದೆ. ಪರದೆಯ ಮೇಲೆ ನದಿಗಳ ನಕಾಶೆ. “ನಮ್ಮ ಬೆಣ್ಣಿಹಳ್ಳ ಯಾಕ ಇಲ್ರಿ ಟೀಚರ್?” ಎಂದು ಒಬ್ಬಳು ಜಗಳಕ್ಕೆ ನಿಂತಿದ್ದಾಳೆ. “ಅದು ನದಿ ಅಲ್ಲಲೇ, ಹಳ್ಳ!” ಎಂದು ಇನ್ನೊಬ್ಬ. ಹಿಂದಿನ ಬೆಂಚಿನವರು ಕಂಪ್ಯೂಟರ್ ಓದುವ ಪುಸ್ತಕದಂಥ ಕನ್ನಡವನ್ನು ಅಣಕಿಸುತ್ತಿದ್ದಾರೆ. ಟೀಚರ್ ಮಾತ್ರ ನಗುತ್ತಾ, ಟಕಟಕ ಕೀ ಒತ್ತಿ ಬೆಣ್ಣಿಹಳ್ಳ ಹುಡುಕುತ್ತಿದ್ದಾರೆ.

ಪೀರಿಯಡ್ ಮುಗಿದ ಮೇಲೆ ಕೇಳಿದೆ, “ಭಾಳ ಗದ್ದಲ ಮಾಡಿದ್ರಲ್ರಿ ಹುಡುಗ್ರು?”

“ಹೂಂನ್ರಿ ಸರ್. ಇಷ್ಟು ದಿನಾ ‘ಪಾಪ ಟೀಚರ್’ ಅಂತ ಗಪ್‌ಚಿಪ್ ಕುಂದರ್ತಿದ್ರು. ಇವತ್ತ ನಿಮಗೆಲ್ಲಾ ಕಾಡಿದಂಗ ನನಗೂ ಕಾಡಿದ್ರು!”

ಹುಡುಗರ ಗದ್ದಲಕ್ಕೆ ಇಷ್ಟು ಖುಷಿಪಟ್ಟ ಟೀಚರನ್ನು ನೀವು ಎಲ್ಲಾದರೂ ಕಂಡಿದ್ದೀರಾ?